ಒಂದೇ ಜಮಖಾನೆಯ ಮೇಲೆ

ನನ್ನ ತಮ್ಮ ಅಶೋಕಕುಮಾರ ಲಿಂಗೈಕ್ಯನಾದ ದಿನ ನಮ್ಮ ತಾಯಿ ಎರಡು ಹೋಳಿಗೆ ಉಂಡಳು. ಅಂದು ಶ್ರಾವಣ ಸೋಮವಾರ. ಶಹಾಬಾದದಲ್ಲಿ ಅವನನ್ನು ಮಣ್ಣಿಗಿಟ್ಟು, ಅಲ್ಲಿಯೇ ಸ್ನಾನ ಮಾಡಿ, ಬೇರೆ ಧೋತರ ಉಟ್ಟು, ಚಿತ್ತಾಪುರದ ಮನೆಗೆ ಬಂದು, ತಾಯಿಯ ಮಂಚದ ಬದಿಗೆ ಕುಳಿತು ನಾನೇ ತುತ್ತು ಮಾಡಿ ಉಣಿಸಿದೆ.

“ತುಪ್ಪ ಇಷ್ಟೇ ಏನೋ ರೇವಾ? ಸರ್ಕಾರ ನಿನ್ನ ಪಿಂಚಣಿ ನಿಂದ್ರಿಸ್ಯದೇನು?” ಎಂದು ಅವಳು ನಕ್ಕಳು. ನಾನು ಇನ್ನೊಂದು ಚಮಚ ತುಪ್ಪ ಹಾಕಿದೆ.

ಅದಕ್ಕೆ ಮೂರು ವಾರ ಮೊದಲು ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಹೆಸರು ಮಾಳಮ್ಮ, ವಯಸ್ಸು ಎಂಬತ್ತಾರು. ಚಿಕಿತ್ಸೆ ಮಾಡಿದ ಡಾಕ್ಟರು, ಎದೆ ಬಹಳ ಬಲಹೀನವಾಗಿದೆ, ಗಾಬರಿ ಹುಟ್ಟಿಸುವ ಸುದ್ದಿ ಯಾವುದೂ ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಅವಳಿಗೆ ನಾವು ನಾಲ್ಕು ಜನ ಮಕ್ಕಳು. ನಾನು ರೇವಣಸಿದ್ದಪ್ಪ, ಹಿರಿಯ. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಆಮೇಲೆ ಸೇಡಂಗೆ ಕೊಟ್ಟ ಜಗದೇವಿ. ಅವಳ ಬೆನ್ನಿಗೆ ಅಶೋಕ. ಕೊನೆಯವಳು ಚಿಂಚೋಳಿಗೆ ಕೊಟ್ಟ ಉಮಾದೇವಿ. ಅಶೋಕ ಶಹಾಬಾದದಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಯಾರ್ಡಿನಲ್ಲಿ ಮೇಸ್ತ್ರಿಯಾಗಿದ್ದ. ಬೆಳಿಗ್ಗೆ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಐವತ್ತಾರು ವರುಷ ಸಾಯುವ ವಯಸ್ಸಲ್ಲ. ಶಿವನ ಲೆಕ್ಕ ನಮಗೆ ತಿಳಿಯುವುದಿಲ್ಲ.

ಗುಣಿಯ ಹತ್ತಿರವೇ ನಿಂತು ನಾವು ಮೂವರೂ ತಾಯಿಗೆ ಹೇಳಬಾರದೆಂದು ನಿಶ್ಚಯ ಮಾಡಿದೆವು. ಏನು ಹೇಳಬೇಕೆಂಬುದನ್ನು ನಾನೇ ಯೋಚಿಸಿದೆ. ಆರು ವರುಷದ ಹಿಂದೆ ಅಶೋಕನ ಎಡಗಾಲಿನ ಮೇಲೆ ಕಲ್ಲಿನ ಹಾಸು ಬಿದ್ದು ಮೊಣಕಾಲು ಮಡಚಲು ಬಾರದಂತಾಗಿತ್ತು. ಅಂದಿನಿಂದ ಅವನು ನೆಲದ ಮೇಲೆ ಕುಳಿತವನಲ್ಲ. ಊಟಕ್ಕೂ ಕುರ್ಚಿ, ಲಿಂಗಪೂಜೆಗೂ ಕುರ್ಚಿ. ಆದ್ದರಿಂದ, ಮೊಣಕಾಲಿನ ಚಿಕಿತ್ಸೆಗೆ ಹೈದರಾಬಾದಿಗೆ ಹೋಗಿದ್ದಾನೆ, ನಾಲ್ಕು ತಿಂಗಳು ಅಲ್ಲಿಂದ ಅಲುಗಾಡುವಂತಿಲ್ಲ ಎಂದು ಹೇಳಿದೆ. ತಾಯಿ ಆಣೆ ಕೇಳಲಿಲ್ಲ, ಮರುಪ್ರಶ್ನೆಯನ್ನೂ ಕೇಳಲಿಲ್ಲ.

“ನೀ ಅಂದ ಮ್ಯಾಲ ಆಯ್ತು. ಆ ಉಮಾ ಅಂದಿದ್ರ ನಂಬ್ತಿದ್ದಿಲ್ಲ ನಾ. ನೀ ಸುಳ್ಳು ಹೇಳಾಂವಲ್ಲ,” ಎಂದಳು.

ಐದನೆಯ ದಿನ ಅಶೋಕನ ಹೆಂಡತಿ ಮಹಾನಂದಾ ಅತ್ತೆಯ ಬಳಿ ಕುಳಿತು ಅಳಬೇಕೆಂದು ಬಂದಳು. ಅವಳ ಎರಡೂ ಕೈಗಳಲ್ಲಿ ಬಳೆ ಇರಲಿಲ್ಲ. ನಾನು ಬಾಗಿಲಲ್ಲಿಯೇ ನಿಂತು ಅವಳನ್ನು ಒಳಗೆ ಬಿಡಲಿಲ್ಲ. “ಈ ಕೈ ನೋಡಿದ್ರ ಆಕಿ ಉಳಿಯಂಗಿಲ್ಲವ್ವ, ಹೋಗು,” ಎಂದೆ. ಅವಳು ಹೊಸ್ತಿಲಿಗೆ ಹಣೆ ಮುಟ್ಟಿಸಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹಿಂತಿರುಗಿ ಹೋದಳು.

ನಾಲ್ಕು ತಿಂಗಳು ಮುಗಿಯುತ್ತ ಬಂದವು. ಫೋನು ಹಚ್ಚಿ ಕೊಡು ಎಂದರೆ, ಅವನಿಗೆ ಗಂಟಲು ಕಟ್ಟಿದೆ ಎಂದು ಒಮ್ಮೆ ಹೇಳಿದೆ. ದವಾಖಾನೆಯ ಒಳಗೆ ಫೋನು ಬಿಡುವುದಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ತಾಯಿಗೆ ಸಮಾಧಾನವಾಗಲೆಂದು, ಕಾಲು ನೆಟ್ಟಗಾಗಿದೆ, ಈಗ ಚೆನ್ನಾಗಿ ಮಡಚುತ್ತಾನೆ ಎಂದೂ ಒಂದು ದಿನ ಬಾಯಿಂದ ಬಂದುಬಿಟ್ಟಿತು.

“ಮಡಚ್ತಾನ? ಹಂಗಾದ್ರ ನನಗ ತೋರಸು,” ಎಂದಳು ತಾಯಿ. “ಅಂವ ಬರೋದು ಬ್ಯಾಡ. ನೀವೇ ಮೂರೂ ಮಂದಿ ಹೋಗ್ರಿ. ಸಣ್ಣವರಿದ್ದಾಗ ಉಣ್ಲಿಕ್ಕಿ ಕುಂದ್ರತಿದ್ರಲ್ಲ, ಹಂಗ ನಾಲ್ಕೂ ಮಂದಿ ಒಂದೇ ಜಮಖಾನಿ ಮ್ಯಾಲ ಸಾಲಿಗಿ ಕುಂತು ಫೋಟೋ ಹೊಡಸಕೊಂಡು ಬರ್ರಿ. ಅವನ ಕಾಲು ಮಡಚಿದ್ದು ನಾ ಕಣ್ಣಲೆ ನೋಡ್ಬೇಕು.”

“ಇಷ್ಟು ದೂರ ಯಾಕ ಯವ್ವಾ...”

“ಯಾಕ? ನಾ ಸತ್ತ ಮ್ಯಾಲ ಹೊಡಸ್ತಿ ಏನು?”

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಶಾಹನವಾಜ ಅಶೋಕನ ಗೆಳೆಯ. ತೀರಿಹೋದ ಅಜ್ಜನನ್ನು ಮೊಮ್ಮಗನ ಮದುವೆಯ ಫೋಟೋದಲ್ಲಿ ಸೇರಿಸುವುದು, ಬೇರೆ ಬೇರೆ ಕಾಲದಲ್ಲಿ ತೆಗೆದವರನ್ನು ಒಂದೇ ಚಿತ್ರದೊಳಗೆ ನಿಲ್ಲಿಸುವುದು ಅವನಿಗೆ ಕೈಯಾಡಿದ ಕೆಲಸ. ನಾನು ಹೋಗಿ ಸಂಗತಿ ಹೇಳಿದೆ. ಅವನು ಕೈಯಲ್ಲಿದ್ದ ಕೆಲಸ ಬದಿಗಿಟ್ಟ.

“ಅಮ್ಮಾಜಾನಗ ಧೋಖಾ ಮಾಡಿದಂಗ ಆಗ್ತದಲ್ರಿ ಮಾಸ್ತರ್,” ಎಂದ.

“ಆಕಿ ಜೀವ ಉಳದರ ಸಾಕಪ್ಪ.”

ಅವನು ನೆಲದ ಮೇಲೆ ಕೆಂಪು ಪಟ್ಟೆಯ ಜಮಖಾನೆ ಹಾಸಿದ. ತಂಗಿಯರಿಬ್ಬರೂ ಬಂದರು. ಜಗದೇವಿ, ನಾನು, ನಡುವೆ ಒಬ್ಬರಷ್ಟು ಜಾಗ ಖಾಲಿ, ಆಚೆ ಉಮಾದೇವಿ, ಹೀಗೆ ಕುಳಿತುಕೊಳ್ಳಿ ಎಂದ. ಉಮಾದೇವಿ ಆ ಖಾಲಿ ಜಾಗವನ್ನು ನೋಡಿ ಅದರ ಮೇಲೆ ಅಂಗೈ ಊರಿದವಳು ಅಲ್ಲಿಯೇ ಬಿದ್ದು ಅಳತೊಡಗಿದಳು. ನಾನು ಬೈದೆ. ಜಗದೇವಿ ನನ್ನನ್ನು ಬೈದಳು. ಆ ದಿನ ಫೋಟೋ ಆಗಲಿಲ್ಲ. ಮೂವರೂ ಒಟ್ಟಿಗೆ ಕುಳಿತರೆ ಯಾರ ಮುಖವೂ ಮುಖದಂತೆ ಇರುವುದಿಲ್ಲವೆಂದು ಶಾಹನವಾಜ ನಮ್ಮನ್ನು ಬೇರೆ ಬೇರೆ ದಿನ ಬರಹೇಳಿದ. ಜಗದೇವಿ ಗುರುವಾರ ಬಂದು ಕುಳಿತು ಹೋದಳು. ನಾನು ಶುಕ್ರವಾರ. ಉಮಾದೇವಿ ಮುಂದಿನ ವಾರ ಬಂದಳು. ಅವಳನ್ನು ನಗಿಸಲು ಅವನು ಅಶೋಕನ ಹಳೆಯ ಪುಂಡಾಟಗಳನ್ನೇ ಹೇಳಬೇಕಾಯಿತಂತೆ. ಜಮಖಾನೆ ಒಂದೇ, ದಿನ ಮಾತ್ರ ಮೂರು.

ತೊಡಕು ಇದ್ದುದು ಅಶೋಕನದು. ಅವನ ಫೋಟೋಗಳೇನೋ ಬೇಕಾದಷ್ಟಿದ್ದವು. ಎಲ್ಲದರಲ್ಲಿಯೂ ಅವನು ನಿಂತಿದ್ದ, ಇಲ್ಲವೆ ಕುರ್ಚಿಯ ಮೇಲೆ ಎಡಗಾಲು ಚಾಚಿ ಕುಳಿತಿದ್ದ.

“ಮುಖ ಸಿಕ್ಕದ್ರಿ. ಜಗದೇವಕ್ಕನ ಮಗನ ಮದುವ್ಯಾಗ ನಕ್ಕಿದ್ದು ಛಲೋ ಅದ. ಖರೆ, ಕುರ್ಚಿ ಮ್ಯಾಲ ಕುಂತಾಂವಗ ನೆಲಕ್ಕ ಹ್ಯಾಂಗ ಇಳಸ್ಲಿ? ಮಡಚಿದ ಕಾಲು ಎಲ್ಲಿಂದ ತರ್ಲಿ?” ಎಂದ ಶಾಹನವಾಜ. ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, “ನಾ ಕುಂತು ನನ್ನ ಮೈ ಹಚ್ಚಲೇನ್ರಿ? ಹೊಟ್ಟಿ ಅಷ್ಟು ಕಮ್ಮಿ ಮಾಡಿದ್ರಾಯ್ತು,” ಎಂದು ನಗಿಸಲು ನೋಡಿದ.

ಆಗ ನಾನು ಒಪ್ಪಬೇಕಾಗಿತ್ತು. ಈಗ ತಿಳಿಯುತ್ತದೆ. ಆದರೆ ನನ್ನ ತಮ್ಮನ ತಲೆಯನ್ನು ಇನ್ನೊಬ್ಬರ ಮೈಮೇಲೆ ಇಡುವುದು ನನ್ನ ಮನಸ್ಸಿಗೆ ಬರಲಿಲ್ಲ. ಲಿಂಗ ಕಟ್ಟಿದ ದೇಹ ಅದು. ಅದನ್ನು ಬದಲಿ ಮಾಡುವುದು ಪಾಪವೆನಿಸಿತು. ಸುಳ್ಳಾದರೂ ಅವನದೇ ಮೈಯಿಂದ ಆಗಲಿ ಎಂದೆ.

“ಹಂಗಂದ್ರ ಒಂದೇ ಒಂದು ಅದ್ರಿ,” ಎಂದು ಅವನು ಮೆಲ್ಲಗೆ ಹೇಳಿದ. ಯಾವುದೆಂದು ನಾನು ಕೇಳಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಕಾಲು ಮಡಚಿ ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತೇವೆ. ಆ ದಿನ ಅಶೋಕನ ಮಡಚಲು ಬಾರದ ಮೊಣಕಾಲನ್ನು ನಾನೂ ಜಗದೇವಿಯ ಗಂಡನೂ ಒತ್ತಿ ಮಡಚಿದ್ದೆವು. ಆಗ ಬಂಧುಗಳೆಲ್ಲ ಸುತ್ತ ಕುಳಿತ ಫೋಟೋ ತೆಗೆದವನು ಶಾಹನವಾಜನೇ.

ಅವನು ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ತೆರೆದ. ಮೊದಲು ಮುಚ್ಚಿದ ಕಣ್ಣಿನ ಮುಖ ಹೋಗಿ ಮದುವೆಯ ಮುಖ ಬಂತು. ಹಾರ ಹೋಯಿತು. ಬೆನ್ನು ಜೋಲದಂತೆ ಎದೆಗೆ ಸುತ್ತಿ ಗೂಟಕ್ಕೆ ಕಟ್ಟಿದ್ದ ಶಾಲು ಹೋಯಿತು. ಕೊನೆಗೆ ಅಂಗೈ ಉಳಿಯಿತು.

“ಇದು?” ಎಂದ ಶಾಹನವಾಜ. ಅವನು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಐವತ್ತೆಂಟು ವರುಷದಿಂದ ದಿನಕ್ಕೆರಡು ಸಲ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜಿಸಿದವನು ನಾನು. ತಮ್ಮನ ಅಂಗೈಯಲ್ಲಿದ್ದ ಲಿಂಗವನ್ನು, “ಅಳಸು,” ಎಂದೆ. ಅವನು ಅಳಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ.

ಫೋಟೋ ತಾಯಿಗೆ ಬಹಳ ಹಿಡಿಸಿತು. ಚೌಕಟ್ಟು ಹಾಕಿಸಿದ್ದನ್ನು ಎದೆಯ ಮೇಲೆ ಆನಿಸಿಕೊಂಡು ಒಬ್ಬೊಬ್ಬರನ್ನೇ ಬೆರಳಿಟ್ಟು ನೋಡಿದಳು.

“ಜಗದೇವಿ ದಪ್ಪ ಆಗ್ಯಾಳ. ನಿನ್ನ ಮಾರಿ ಯಾಕೋ ಕಷಾಯ ಕುಡದಾಂವನಂಗ ಅದ? ಉಮಾ ನಗಾಕತ್ತಾಳ ನೋಡು, ಹಲ್ಲು ಕಿಸದು. ಅಯ್ಯ, ನನ್ನಪ್ಪ! ಕಾಲು ಮಡಚ್ಯಾನ! ಹೌದಲೇ, ಪೂರಾ ಮಡಚ್ಯಾನ!”

ನೆರೆಮನೆಯ ಅಖ್ತರ ಬೇಗಂ ಬಂದಾಗ ಅವಳಿಗೂ ತೋರಿಸಿದಳು. ಹಾಲು ಹಾಕುವವನಿಗೂ ತೋರಿಸಿದಳು. ಅಖ್ತರ ಬೇಗಂಗೆ ಎಲ್ಲ ಗೊತ್ತಿತ್ತು. “ಮಾಶಾಅಲ್ಲಾ, ಭಾಳ ಛಲೋ ಬಂದದ್ರಿ ಅಮ್ಮಾ,” ಎಂದು ಹೇಳಿ ಅವಳು ಅಡಿಗೆಮನೆಗೆ ಹೋಗಿ ನನ್ನ ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡಳು. ತಾಯಿ ಆ ವಾರವೆಲ್ಲ ಹೊತ್ತಿಗೆ ಎರಡು ರೊಟ್ಟಿ ಉಂಡಳು. ನಾನು ಮಾಡಿದ್ದು ಸರಿಯಾಯಿತೆಂದು ತಿಳಿದೆ. ಪೂಜೆಗೆ ಕುಳಿತಾಗ ಮಾತ್ರ ಅಂಗೈಯ ಕಡೆಗೆ ದೃಷ್ಟಿ ನಿಲ್ಲುತ್ತಿರಲಿಲ್ಲ.

ಎಂಟೊಂಬತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಊಟವಾದ ಮೇಲೆ ತಾಯಿ ನನ್ನನ್ನು ಕರೆದಳು. ಫೋಟೋ ಅವಳ ತೊಡೆಯ ಮೇಲಿತ್ತು. ಮುಖದಲ್ಲಿ ನಗೆಯಿರಲಿಲ್ಲ. ಅಳುವೂ ಇರಲಿಲ್ಲ.

“ರೇವಾ, ಇಲ್ಲಿ ಕುಂದ್ರು. ಇಂವ ಎಡಗೈ ಯಾಕ ಹಿಂಗ ಹಿಡದಾನ?”

ನಾನು ನೋಡಿದೆ. ಅಶೋಕನ ಎಡ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ, ಬೆರಳು ತುಸು ಒಳಕ್ಕೆ ಬಾಗಿ, ಖಾಲಿಯಾಗಿತ್ತು.

“ಹಂಗೇ ಇಟ್ಟಾನ ಯವ್ವಾ.”

“ಪೂಜಿ ಮಾಡಾಕತ್ತಿದ್ನೇನು?”

“ಇಲ್ಲ.”

“ಮತ್ತ? ನಿಮ್ಮ ಮೂರೂ ಮಂದಿ ಕೈ ನೋಡು, ತ್ವಡಿ ಮ್ಯಾಲ ಅದಾವ. ಇವನ ಕೈಯಾಗ ಏನಿತ್ತು?”

ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಮೈ ತೊಳೆದು ಕೂಡಿಸಲು ಕರೆಯುತ್ತಿದ್ದುದು ನಮ್ಮ ತಾಯಿಯನ್ನೇ. ತನ್ನ ಅತ್ತೆಯನ್ನು, ಇಬ್ಬರು ನೆಗೆಣ್ಣಿಯರನ್ನು, ನೆರೆಹೊರೆಯ ಎಷ್ಟೋ ಜನರನ್ನು ಅವಳು ತನ್ನ ಕೈಯಾರೆ ಕೂಡಿಸಿದ್ದಳು. ನಲವತ್ತು ವರುಷ ಅವಳು ಮಾಡಿದ ಆ ಕೆಲಸದ ನೆನಪು, ಫೋಟೋ ಮಾಡಿಸುವಾಗ ನನಗೆ ಬರಲೇ ಇಲ್ಲ.

ಅವಳು ಬೆರಳನ್ನು ಮೊಣಕಾಲಿನಿಂದ ಭುಜದವರೆಗೆ ಎಳೆದಳು. ಮತ್ತೆ ಕೆಳಗೆ ತಂದಳು.

“ಇಂವ ಕುಂತಿಲ್ಲ,” ಎಂದಳು. “ಇವಂಗ ಕುಂದ್ರಿಸ್ಯಾರ.”

ನಾನು ಅವಳ ಪಾದ ಹಿಡಿದೆ.

“ಯಾವಾಗ?”

“ಶ್ರಾವಣದಾಗ. ಎರಡನೇ ಸೋಮವಾರ.”

“ತೊಳದವರ್ಯಾರು?”

“ನಾನೇ.”

ಅವಳು ಬೆರಳು ಮಡಚಿ ಏನೋ ಎಣಿಸಿದಳು. “ಆವತ್ತು ನಾ ಏನು ಮಾಡಾಕತ್ತಿದ್ದೆ?”

ಸುಳ್ಳು ಹೇಳಬಹುದಾಗಿತ್ತು. ಇಷ್ಟು ದಿನ ಹೇಳಿದವನಿಗೆ ಇನ್ನೊಂದು ಕಷ್ಟವಿರಲಿಲ್ಲ. “ಹೋಳಿಗಿ ಉಂಡಿ ಯವ್ವಾ. ತುಪ್ಪ ಸಾಲದು ಅಂದಿ,” ಎಂದೆ.

ಶಾಹನವಾಜನಿಂದ ಫೋಟೋ ಹೇಗೆ ಮಾಡಿಸಿದೆ, ಅಂಗೈಯ ಲಿಂಗವನ್ನು ಹೇಗೆ ಅಳಿಸಿಸಿದೆ ಎಂಬುದನ್ನೂ ಬಚ್ಚಿಡದೆ ಹೇಳಿದೆ. ಡಾಕ್ಟರು ಹೆದರಿದಂತೆ ಅವಳ ಎದೆ ಒಡೆಯಲಿಲ್ಲ. ಉಸಿರು ಎಂದಿನಂತೆಯೇ ಇತ್ತು. ಅಷ್ಟು ಗಟ್ಟಿಯಿದ್ದಳು ಎಂದು ಆಗ ತಿಳಿಯಿತು. ಶ್ರಾವಣದಲ್ಲಿ ಹೇಳಿದ್ದರೂ ತಡೆದುಕೊಳ್ಳುತ್ತಿದ್ದಳೋ ಏನೋ. ಅದನ್ನು ಈಗ ತಿಳಿಯುವ ದಾರಿಯಿಲ್ಲ.

ಅವಳು ಒಮ್ಮೆಲೇ ಕೇಳಿದಳು: “ಜಗದೇವಿ ಅದಾಳೇನು? ಉಮಾ?”

“ಅದಾರ ಯವ್ವಾ! ಇಬ್ಬರೂ ಅದಾರ!”

“ಇದರಾಗ ಇವನೂ ಅದಾನ.”

ನಾನು ಇಬ್ಬರು ತಂಗಿಯರನ್ನೂ ಕರೆಸಿದೆ. ಮರುದಿನವೇ ಬಂದರು. ತಾಯಿ ಇಬ್ಬರ ಗಲ್ಲ, ಹೆಗಲು, ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಮೂವರೂ ಅತ್ತರು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಕೇಳಿದೆ. ಅತ್ತರೆ ಹಗುರಾಗುತ್ತಾಳೆ, ಶಿವಾ, ಅಳಲಿ ಎಂದುಕೊಂಡೆ.

ಅತ್ತು ಮುಗಿದ ಮೇಲೆ ಅವಳು, “ನನಗ ಅವನ ಮಣ್ಣಿಗಿ ಕರಕೊಂಡು ಹೋಗ್ರಿ,” ಎಂದಳು. ವಾಹನದಲ್ಲಿ ಕೂಡಿಸಿ ಅಷ್ಟು ದೂರ ಒಯ್ಯಕೂಡದು, ಸೊಂಟ ಮತ್ತೆ ಸರಿಯುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. “ಹಂಗಾದ್ರ ಅದರದಾದ್ರೂ ಫೋಟೋ ತರ್ರಿ,” ಎಂದಳು.

ಶಾಹನವಾಜ ತಾನೇ ಸಮಾಧಿಗೆ ಹೋಗಿ ಫೋಟೋ ತೆಗೆದು, ಚಿತ್ತಾಪುರಕ್ಕೆ ತಂದು ಅವಳ ಕೈಯಲ್ಲಿ ಕೊಟ್ಟ. ಮಣ್ಣಿನ ದಿಬ್ಬ, ಮೇಲೆ ಅಶೋಕನ ಯಾರ್ಡಿನವರು ಹಾಸಿದ ಪಾಲಿಶ್ ಕಲ್ಲು, ಒಣಗಿದ ಬಿಲ್ವಪತ್ರೆ. ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಓರೆ ಮಾಡಿ ನೋಡಿದಳು. ಅಂಚುಗಳನ್ನು ಉಗುರಿನಿಂದ ಕೆರೆದಳು.

“ಇದು ಖರೇದೇನು?”

“ಖುದಾಕಿ ಕಸಮ್, ಅಮ್ಮಾಜಾನ್. ಖರೇದು.”

“ಆ ಫೋಟೋ ಮಾಡಿದಾಂವ ನೀನೇ ಅಲ್ಲಪ್ಪ?”

“ಹೌದ್ರಿ.”

“ಹಾರ ತಗದಿ. ಲಿಂಗ ತಗದಿ. ಸತ್ತಾಂವಗ ನಗ್ಸಿದಿ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳುವವಳ ಹಾಗೆ ಕೇಳಿದಳು: “ಇದ್ದಾಂವಗ ಮಣ್ಣಾಗ ಇಡ್ಲಿಕ್ಕಿನೂ ಬರ್ತದಲ್ಲ ನಿನಗ?”

ಶಾಹನವಾಜ ಕೈ ಮುಗಿದು ಎದ್ದು ಹೋದ. ಚಹಾ ಕುಡಿಯಲಿಲ್ಲ.

ಅಂದಿನಿಂದ ಅವಳ ಮನಸ್ಸು ಎರಡು ಕಡೆಗೆ ಜಗ್ಗತೊಡಗಿತು. ಬೆಳಿಗ್ಗೆ ಅಶೋಕ ಸತ್ತನೆಂದು ಎದೆ ಎದೆ ಬಡಿದುಕೊಳ್ಳುವಳು. ಸಂಜೆ ಹೈದರಾಬಾದಿನ ರೈಲು ಕೂಗಿದಾಗ, “ಯಾರು ಇಳದ್ರು ನೋಡಿ ಬಾ,” ಎನ್ನುವಳು. ಅವನು ನಮ್ಮ ಮೇಲೆ ಮುನಿಸಿಕೊಂಡು ಎಲ್ಲಿಯೋ ಹೋಗಿದ್ದಾನೆ, ನಾವು ಮುಚ್ಚಿಡುತ್ತಿದ್ದೇವೆ ಎಂದು ಒಂದು ದಿನ. ಕಾಲು ಕತ್ತರಿಸಿದ್ದಾರೆ, ಅದನ್ನು ಹೇಳಲಾರದೆ ಸತ್ತನೆನ್ನುತ್ತಿದ್ದೇವೆ ಎಂದು ಇನ್ನೊಂದು ದಿನ. ನಾನು ಲಿಂಗ ಹಿಡಿದು ಆಣೆ ಮಾಡಿದೆ. “ಅದನ್ನ ನೀ ಅಳಸ್ಸಿದಿ ಅಂತ ನೀನೇ ಹೇಳಿದೆಲ್ಲೋ,” ಎಂದಳು. ಸಮಾಧಿಯ ಮಣ್ಣು ತಂದು ಅವಳ ಅಂಗೈಯಲ್ಲಿ ಇಟ್ಟೆ. ಮೂಸಿ ನೋಡಿ, “ಮಣ್ಣು,” ಎಂದಳು, ಅಷ್ಟೇ.

ಅವಳು ನಂಬಬಹುದಾದ ಸಾಕ್ಷಿ ಒಂದೇ ಇತ್ತು. ನಾನು ಶಹಾಬಾದಕ್ಕೆ ಹೋಗಿ ಮಹಾನಂದಾಳ ಮುಂದೆ ಕೈ ಜೋಡಿಸಿದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

“ಯಾಕ ಬರ್ಲಿ ಭಾವಾರ?”

“ನಿನ್ನ ನೋಡಿದ್ರ ಆಕಿ ನಂಬ್ತಾಳವ್ವ.”

“ನನ್ನಲ್ಲ. ನನ್ನ ಕೈ ನೋಡಿದ್ರ.” ಅವಳು ಮೊರ ಒಂದು ಸಲ ಕೇರಿದಳು. “ಅತ್ತಿ ತ್ವಡಿ ಮ್ಯಾಲ ತಲಿ ಇಟ್ಟು ಅಳ್ಬೇಕಂತ ಬಂದೆ. ಈ ಕೈ ಒಳಗ ಬರಬಾರ್ದು ಅಂದ್ರಿ. ಈಗ ಬೋಳು ಕೈ ತೋರ್ಸಿ ಸಾಕ್ಷಿ ಹೇಳ್ಬೇಕೇನ್ರಿ? ನಾನೂ ಒಂದು ಫೋಟೋ ಅದೀನೇನು, ಬೇಕಾದಾಗ ಹಚ್ಚಲಿಕ್ಕಿ, ಬ್ಯಾಡಾದಾಗ ತಗಿಲಿಕ್ಕಿ?”

ಅವಳು ನೀರು ತಂದು ಕೊಟ್ಟಳು, ಕುಡಿದೆ. ಹೊರಡುವಾಗ ಅವಳು ಕಾಲಿಗೆ ನಮಸ್ಕಾರ ಮಾಡಿದಳು, ಆದರೆ ಬರುತ್ತೇನೆ ಎನ್ನಲಿಲ್ಲ. ಆಮೇಲೆ ಎರಡು ಸಲ ಹೋಗಿದ್ದೇನೆ. ಮನೆಗೆ ಕೀಲಿ ಇತ್ತು; ತವರಿಗೆ, ನಾಲವಾರಕ್ಕೆ ಹೋಗಿದ್ದಾಳೆಂದು ಬದಿಯ ಮನೆಯವರು ಹೇಳಿದರು.

ಹೋದ ವಾರ ತಾಯಿ ತಾನಾಗಿಯೇ, “ಅಯ್ಯನೋರಿಗಿ ಬರ್ಲಿಕ್ಕಿ ಹೇಳು. ಅಶೋಕನ ಹೆಸರಲೆ ಪ್ರಸಾದ ಮಾಡ್ಸು,” ಎಂದಳು. ನನಗೆ ಜೀವ ಬಂದಂತಾಯಿತು. ಕಡೆಗೂ ಮಗನ ಸಾವನ್ನು ಒಪ್ಪಿಕೊಂಡಳು, ಇನ್ನು ಅತ್ತು ಹಗುರಾಗುತ್ತಾಳೆ ಎಂದು ಓಡುತ್ತ ಹೋಗಿ ಮಠದ ಅಯ್ಯನವರನ್ನು ಕರೆತಂದೆ. ತಾಯಿಯನ್ನು ದಿಂಬಿಗೆ ಒರಗಿಸಿ ಕೂಡಿಸಿದೆವು. ಅವಳು ಪಾದೋದಕ ತೆಗೆದುಕೊಂಡಳು. ಅಯ್ಯನವರು ಅಶೋಕನ ಹೆಸರು ಹೇಳಿ ಮಂತ್ರ ಪಠಿಸುವಾಗ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಊಟವಾಯಿತು. ದಕ್ಷಿಣೆ ಕೊಟ್ಟೆವು. ಅಯ್ಯನವರು ಆಶೀರ್ವಾದ ಮಾಡಿ ಹೋದರು.

ನನ್ನ ಹೆಂಡತಿ ಪಾತ್ರೆಗಳನ್ನು ಎತ್ತತೊಡಗಿದಾಗ ತಾಯಿ ಅವಳನ್ನು ತಡೆದಳು.

“ಒಂದು ತಾಟಿನಾಗ ಅಶೋಕನ ಪಾಲು ತಗದಿಡವ್ವ. ರೈಲಿಗಿ ಬಂದ್ರ ಹಸದಿರ್ತಾನ.”

ನಾನು ಅವಳ ಮುಖವನ್ನೇ ನೋಡಿದೆ.

“ಏನ್ ನೋಡ್ತಿಯೋ?” ಎಂದಳು. “ಖರೆ ಏನದ ನಿನಗ ಗೊತ್ತದ. ನೀ ಹೇಳಂಗಿಲ್ಲ. ನಾ ಎರಡೂ ಮಾಡ್ತೀನಿ.”

ನನ್ನ ಹೆಂಡತಿ ಏನು ಮಾಡಲಿ ಎಂಬಂತೆ ನನ್ನ ಕಡೆಗೆ ತಿರುಗಿ ನಿಂತಳು. ನಾನು ಒಳಗೆ ಹೋಗಿ ತಾಟು ತಂದುಕೊಟ್ಟೆ.